ಕಮಲಾಪುರದ ರಸ್ತೆಯಲ್ಲಿ ನನ್ನ ಎಡಗೈ

ಕಳೆದ ಡಿಸೆಂಬರಿನ ಎರಡನೇ ಭಾನುವಾರ ಬೆಳಿಗ್ಗೆ, ಕಲಬುರಗಿಯಿಂದ ಹುಮನಾಬಾದಕ್ಕೆ ಹೋಗುವ ರಸ್ತೆಯಲ್ಲಿ ತಾಜಸುಲ್ತಾನಪುರ ದಾಟಿದ ಮೇಲೆ, ನಾನು ಓಡಿಸುತ್ತಿದ್ದ ಕಾರು ತೊಗರಿ ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರಿಗೆ ಹಿಂದಿನಿಂದ ನುಗ್ಗಿತು. ನುಗ್ಗಿತು ಎನ್ನುವುದು ಪೂರ್ತಿ ಸರಿಯಲ್ಲ. ಟ್ರೇಲರಿನ ಹಿಂದೆ ಚಾಚಿಕೊಂಡಿದ್ದ ತೊಗರಿ ಗಿಡಗಳೊಳಗೆ ಬಾನೆಟ್ ಹೊಕ್ಕಿತು. ಕಬ್ಬಿಣಕ್ಕೆ ಕಬ್ಬಿಣ ತಾಗಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ.

ಟ್ರ್ಯಾಕ್ಟರ್ ನಿಂತಿದ್ದು ನನಗೆ ದೂರದಿಂದಲೇ ಕಂಡಿತ್ತು. ನಡುವೆ ಬೇಕಾದಷ್ಟು ಜಾಗವಿತ್ತು. ಬ್ರೇಕ್ ಹಾಕಬೇಕು ಅಂದುಕೊಂಡೆ. ಎಡಗೈ ಕೆಲಸ ಮಾಡಿತು. ಕಾರು ನಿಲ್ಲುವ ಬದಲು ಮುಂದಕ್ಕೆ ಜಿಗಿಯಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ಅದಕ್ಕೇ ನಿಂತಿತು.

ಟ್ರ್ಯಾಕ್ಟರಿನವನು ಇಳಿದು ಬಂದ. ಕಾರಿನ ಗಾಜಿನ ಮೇಲೆ ಬಿದ್ದಿದ್ದ ತೊಗರಿ ಕಾಯಿಗಳನ್ನು ಒಂದೊಂದಾಗಿ ಆರಿಸಿಕೊಂಡು ಜೇಬಿಗೆ ಹಾಕಿಕೊಂಡ.

"ಏನ್ರೀ ಸಾಹೇಬ್ರ, ತೊಗರಿ ಬೇಕಿದ್ರ ಕೇಳಬೇಕು. ಗಾಡಿ ತಂದು ಮೇಯಿಸ್ತೀರೇನು?"

ಆಮೇಲೆ ಅವನಿಗೆ ಹಿಂದಿನ ಸೀಟಿನ ಮೇಲಿದ್ದ ಊರುಗೋಲುಗಳು ಕಂಡವು. ಸ್ಟೇರಿಂಗ್ ಪಕ್ಕದಿಂದ ನನ್ನ ಕಡೆ ಬಾಗಿದ್ದ ಲಿವರ್ ಕಂಡಿತು. ದನಿ ಸ್ವಲ್ಪ ಇಳಿಯಿತು.

"ಇದೇನ್ರಿ ಇದು?"

"ಬ್ರೇಕು," ಎಂದಳು ನನ್ನ ಹೆಂಡತಿ. "ಕಾಲಿನ ಬದಲಿ ಕೈಲೆ ಹಾಕೂದು."

"ಮತ್ತ ಹಾಕಬೇಕಿಲ್ಲೇನ್ರಿ?"

"ಅದನ್ನೇ ನಾನೂ ಕೇಳೂದದ. ಮನಿಗಿ ಹೋಗ್ಲಿ."

ವಾಪಸ್ ಬರುವಾಗ ಅವಳೇ ಓಡಿಸಿದಳು. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದಳು.

ನಾನು ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ನಿಗೆ ಹಕ್ಕಿ ಹೊಕ್ಕು ಎಂಜಿನ್ ಸತ್ತಿತು. ಕೆಳಗೆ ಹೊಲಗಳಿದ್ದವು, ಮನೆಗಳಿರಲಿಲ್ಲ. ತೊಡೆಗಳ ನಡುವೆ ಇರುವ ಹಿಡಿಕೆ ಎಳೆದರೆ ಸೀಟಿನ ಕೆಳಗಿನ ರಾಕೆಟ್ ಹೊತ್ತಿ, ಪೈಲಟ್‌ನನ್ನು ಸೀಟಿನ ಸಮೇತ ಹೊರಗೆ ಎಸೆಯುತ್ತದೆ. ನಾನು ಎಳೆದೆ. ಎಳೆದದ್ದು ನೆನಪಿಲ್ಲ. ಕೈ ನನ್ನನ್ನು ಕೇಳಲಿಲ್ಲ. ಕೇಳಿ, ನಾನು ಯೋಚಿಸಿ, ಹೂಂ ಅನ್ನುವಷ್ಟು ಎತ್ತರ ಆಗ ಉಳಿದಿರಲಿಲ್ಲ.

ಜೀವ ಉಳಿಸುವ ಆ ಒದೆತ ಬೆನ್ನುಮೂಳೆಗೆ ಬೀಳುತ್ತದೆ. ಬಹಳ ಮಂದಿ ಕೆಲವು ತಿಂಗಳಲ್ಲಿ ಸುಧಾರಿಸಿಕೊಂಡು ಮತ್ತೆ ಹಾರುತ್ತಾರೆ. ನನ್ನ ಮೂಳೆಯ ಒಂದು ಚೂರು ನರದ ಮೇಲೆ ಕೂತಿತು. ಮೊಣಕಾಲಿನ ಕೆಳಗೆ ನನಗೆ ಏನೂ ತಿಳಿಯುವುದಿಲ್ಲ. ಲೋಹದ ಪಟ್ಟಿಗಳಿರುವ ಬೂಟು ಕಟ್ಟಿಕೊಂಡು, ಊರುಗೋಲು ಹಿಡಿದರೆ ನಡೆಯುತ್ತೇನೆ. ಬಸ್ಸಿನ ಮೆಟ್ಟಿಲು ಹತ್ತಲಾರೆ.

ವಾಯುಪಡೆ ಬಿಟ್ಟು ಊರಿಗೆ, ಅವ್ವ ಇದ್ದ ಮನೆಗೆ ಬಂದೆವು. ಹೆಂಡತಿಗೆ ಇಲ್ಲಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನ ಹೋಗಿ ಪುಟ ಮುಗಿಸಿ ಬರುತ್ತಾಳೆ. ಬೇರೆಯವರ ವರದಿಗಳಿಂದ ವಿಶೇಷಣ ತೆಗೆಯುವುದು ಅವಳ ವೃತ್ತಿ. ಈ ಬರಹದ್ದೂ ತೆಗೆದಿದ್ದಾಳೆ. ನನಗೆ ಅದೇ ಹುಮನಾಬಾದ ರಸ್ತೆಯಲ್ಲಿರುವ ಕಮಲಾಪುರದ ಒಂದು ಪಿಯು ಕಾಲೇಜಿನಿಂದ ಕರೆ ಬಂತು. ಭೌತವಿಜ್ಞಾನ ಹೇಳುವವರು ನಡುವೆಯೇ ಬಿಟ್ಟು ಹೋಗಿದ್ದರು, ಜನವರಿಯಿಂದ ಪಾಠ ಮುಗಿಸಿಕೊಡಬೇಕಿತ್ತು. ಅದಕ್ಕಾಗಿಯೇ ಕ್ಲಚ್ ಇಲ್ಲದ ನಮ್ಮ ಕಾರಿಗೆ ಲಿವರ್ ಹಾಕಿಸಿದ್ದು. ನವೆಂಬರಿನಲ್ಲಿ ಲೈಸೆನ್ಸ್ ಪರೀಕ್ಷೆಯೂ ಆಗಿತ್ತು. ಖಾಲಿ ಮೈದಾನದಲ್ಲಿ ಕಂಬಗಳ ಸುತ್ತ ಓಡಿಸಿ ತೋರಿಸಿದೆ. ಇನ್‌ಸ್ಪೆಕ್ಟರು ಕೈ ಕುಲುಕಿ, "ಮ್ಯಾಲೆ ಹಾರಿಸಿದವರಿಗಿ ನೆಲದ ಮ್ಯಾಲ ಏನು ಪರೀಕ್ಷಾ ಮಾಡೂದ್ರಿ," ಎಂದರು.

ಟ್ರ್ಯಾಕ್ಟರಿಗೆ ಹೋಗಿ ನುಗ್ಗಿದ ದಿನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು.

"ಜನವರಿಗಿ ಡ್ರೈವರ್ ಇಡೂಣೇನ್ರಿ?"

"ಬ್ಯಾಡ."

"ಯಾಕ?"

"ಒಬ್ಬನೇ ಹೋಗಬೇಕು ನಾ."

"ಗಾಡ್ಯಾಗ ಒಬ್ರೇ ಇದ್ರ ಜೀವಾನೂ ಒಂದೇ ಇರ್ತದಂತ ತಿಳದೀರೇನು? ರಸ್ತಿ ಮ್ಯಾಲ ಮಂದಿ ಇರ್ತಾರ."

ಅವಳು ನೀರು ಕುಡಿದು ಲೋಟ ಇಟ್ಟಳು.

"ನಾ ಹೂಂ ಅನ್ನೂತನ ಒಬ್ರೇ ಹೋಗಂಗಿಲ್ಲ. ಪಾಠ ಶುರು ಆಗೂದ್ರೊಳಗ ನಾ ಹೂಂ ಅನ್ನಲಿಲ್ಲಂದ್ರ ಕಾಲೇಜಿನವ್ರಿಗಿ ನೀವೇ ಫೋನ್ ಮಾಡಿ ಬರೂದಿಲ್ಲಂತ ಹೇಳಬೇಕು."

ಒಪ್ಪಿದೆ.

ತಪ್ಪು ಎಲ್ಲಿ ಆಯಿತೆಂದು ನನಗೆ ಅಂದೇ ತಿಳಿದಿತ್ತು. ಯುದ್ಧವಿಮಾನದಲ್ಲಿ ಪೈಲಟ್‌ನ ಎಡಗೈ ಯಾವಾಗಲೂ ಎಂಜಿನ್ನಿನ ಹಿಡಿಕೆಯ ಮೇಲಿರುತ್ತದೆ. ಮುಂದೆ ದಬ್ಬಿದರೆ ವೇಗ, ಹಿಂದೆ ಎಳೆದರೆ ವೇಗ ಇಳಿಯುತ್ತದೆ. ಕಾರಿನ ಲಿವರೂ ಎಡಗೈಗೇ ಬಂದಿತ್ತು, ಆದರೆ ಮುಂದೆ ದಬ್ಬಿದರೆ ಬ್ರೇಕ್, ಹಿಂದೆ ಎಳೆದರೆ ವೇಗ. ಸುಮ್ಮನೆ ಓಡಿಸುವಾಗ ನಾನು ತಪ್ಪುತ್ತಿರಲಿಲ್ಲ. ಮೈದಾನದಲ್ಲಿ ತಪ್ಪಿರಲಿಲ್ಲ. ಮನಸ್ಸಿಗೆ ಹೆದರಿಕೆ ಮುಟ್ಟಿದ ಕೂಡಲೇ ಕೈ ಹಳೆಯ ಕೆಲಸಕ್ಕೆ ಹೋಗಿತ್ತು. ಇಷ್ಟು ವರ್ಷ ಅದನ್ನು ಹಾಗೆಯೇ ತಯಾರು ಮಾಡಿದ್ದರು. ಅದು ಕೇಳದೆ ಕೆಲಸ ಮಾಡಿದ್ದಕ್ಕೇ ನಾನು ಬದುಕಿದ್ದೆ.

ಲಿವರ್ ಮಾಡಿಕೊಟ್ಟವನು ಮೋಮಿನಪುರದ ಒಬ್ಬ ಮೆಕ್ಯಾನಿಕ್. ಮಸೀದಿಯ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಮುಂದೆ ಚಹಾದ ಹೋಟೆಲ್ಲು. ಮರುದಿನ ಬೆಳಿಗ್ಗೆ ಹೆಂಡತಿ ನನ್ನನ್ನು ಕರೆದುಕೊಂಡು ಹೋದಳು.

"ಕ್ಯಾ ಹುವಾ ಪೈಲಟ್ ಸಾಬ್? ಲಿವರ್ ಬಿಗಿ ಆಗ್ಯಾದೇನ್ರಿ?"

"ಲಿವರ್ ಸರಿ ಅದ. ನಾನೇ ಉಲ್ಟಾ ಆಗೀನಿ," ಎಂದು ನಡೆದದ್ದು ಹೇಳಿದೆ.

"ಇತ್ತಾಚ್ ಹೈ ಕ್ಯಾ? ಇಷ್ಟೇ ಏನ್ರಿ?" ಎಂದ. "ಹಂಗಾದ್ರ ಲಿವರ್‌ನೂ ಉಲ್ಟಾ ಮಾಡಿ ಬಿಡ್ತೀನ್ರಿ. ಎಳದ್ರ ಬ್ರೇಕ್, ದಬ್ಬಿದ್ರ ಗಾಡಿ ಓಡ್ತದ. ನಿಮ್ಮ ಇಮಾನದಾಗ ಇದ್ದಂಗ. ಬೇಫಿಕರ್ ಇರ್ರಿ, ಸಂಜಿಗಿ ಬರ್ರಿ."

"ಮಾಡು," ಎಂದೆ. ಅವನು ನಟ್ಟು ಬಿಚ್ಚುವ ಪಾನಾ ತರಲು ಒಳಗೆ ಹೋದ.

ಸ್ಟೂಲಿನ ಮೇಲೆ ಕೂತು ನಾನು ಎದುರಿನ ರಸ್ತೆ ನೋಡುತ್ತಿದ್ದೆ. ಆಟೊ ಒಂದು ಗಕ್ಕನೆ ನಿಂತಿತು. ಒಳಗೆ ಕೂತಿದ್ದವರೆಲ್ಲ ಒಟ್ಟಿಗೆ ಮುಂದಕ್ಕೆ ವಾಲಿದರು, ಒಬ್ಬರ ಕೈಯೊಳಗಿನ ಚೀಲ ಮುಂದಿನ ಸರಳಿಗೆ ಬಡಿಯಿತು. ಕಾರು ಜೋರಾಗಿ ನಿಂತರೆ ನನ್ನ ಮೈಯೂ ಮುಂದೆ ಹೋಗುತ್ತದೆ. ಮೈ ಹೋದರೆ ಕೈ ಹೋಗುತ್ತದೆ. ಲಿವರ್ ತಿರುಗಿಸಿ ಕೂರಿಸಿದರೆ, ನಿಲ್ಲಬೇಕಾದ ಆ ಗಳಿಗೆಯಲ್ಲೇ ನನ್ನ ಕೈಯ ಭಾರ ವೇಗದ ಮೇಲೆ ಬೀಳುತ್ತದೆ. ವಿಮಾನದಲ್ಲಿ ಭುಜಗಳನ್ನು ಬಿಗಿದು ಕಟ್ಟಿರುತ್ತಾರೆ, ಕಾರಿನಲ್ಲಿ ಹಾಗಿಲ್ಲ. ಜನವರಿಯಲ್ಲಿ ನಾನು ಮಕ್ಕಳಿಗೆ ಹೇಳಬೇಕಿದ್ದ ಪಾಠ ಇದು.

ಮೆಕ್ಯಾನಿಕ್ ಪಾನಾ ಹಿಡಿದು ಬಂದಾಗ, "ಬ್ಯಾಡ ಬಿಡು," ಎಂದೆ. ಕಾರಣ ಹೇಳಿದೆ. ಅವನು ಪಾನಾದಿಂದ ಬೆನ್ನು ತುರಿಸಿಕೊಳ್ಳುತ್ತ ಹೇಳಿದ.

"ಅಂದ್ರ ಗಾಡಿ ಸೀದಾ ಅದ. ಸಾಬ್‌ಗೇ ಸೀದಾ ಮಾಡಬೇಕು."

"ಹೌದು."

"ಅದಕ್ಕ ನನ್ ಕಡಿ ಪಾನಾ ಇಲ್ರಿ ಸಾಬ್."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನಗಲಿಲ್ಲ. ಅವಳು ಲಿವರ್ ನೋಡುತ್ತಿದ್ದಳು. ಅದರ ತುದಿಗೆ ಮೆಕ್ಯಾನಿಕ್ ಒಂದು ದುಂಡನೆಯ ರಬ್ಬರ್ ಹಿಡಿಕೆ ಹಾಕಿದ್ದ. ಅಂಥದ್ದೇ ಬೇಕೆಂದು ನಾನೇ ಕೇಳಿದ್ದೆ. ಹಿಡಿದರೆ ಕೈತುಂಬ ಬರುತ್ತಿತ್ತು.

"ಅದನ್ನ ಹಿಡದ ಕೂಡ್ಲೇ ಮುಷ್ಟಿ ಕಟ್ತೀರಿ," ಎಂದಳು. "ನಿನ್ನೀನೂ ಕಟ್ಟಿದ್ರಿ. ಮುಷ್ಟಿ ಕಟ್ಟಿದ ಮ್ಯಾಲೇ ಎಳದದ್ದು."

ಸಂಜೆಯೊಳಗೆ ಹಿಡಿಕೆ ಹೋಗಿ, ಅದರ ಜಾಗದಲ್ಲಿ ಅಂಗೈ ಅಗಲದ ಚಪ್ಪಟೆ ಉಕ್ಕಿನ ಹಲಗೆ ಬಂತು. ಅದನ್ನು ಅಂಗೈಯಿಂದ ದಬ್ಬಬಹುದು. ವೇಗ ಬೇಕಾದರೆ ಎರಡು ಬೆರಳನ್ನು ಕೆಳಗಿನ ಅಂಚಿಗೆ ಸಿಕ್ಕಿಸಿ ಎಳೆಯಬೇಕು. ಮುಷ್ಟಿ ಕಟ್ಟಿದರೆ ಹಿಡಿಯಲು ಅಲ್ಲಿ ಏನೂ ಇರಲಿಲ್ಲ.

ಉಳಿದದ್ದು ಕೈಗೆ ಕಲಿಸುವುದು. ಹಾರುವವರು ಹೊಸ ಪಾಠವನ್ನು ಮೊದಲು ಕುರ್ಚಿಯಲ್ಲಿ ಕೂತು ಮಾಡುತ್ತಾರೆ. ಕಣ್ಣು ಮುಚ್ಚಿ, ಇಲ್ಲದ ಹಿಡಿಕೆಗಳನ್ನು ಹಿಡಿದು, ಒಂದರ ಹಿಂದೆ ಒಂದು ಕ್ರಮವಾಗಿ. ತರಬೇತಿಯ ದಿನಗಳಲ್ಲಿ ಹಾಸ್ಟೆಲ್ಲಿನ ವರಾಂಡದಲ್ಲಿ ನಾವೆಲ್ಲ ಹೀಗೆ ಕೂತಿದ್ದಾಗ ಅಡುಗೆಯವನು ನಮ್ಮನ್ನು ಹುಚ್ಚರೆಂದು ತಿಳಿದಿದ್ದ. ಈಗ ಖೂಬಾ ಪ್ಲಾಟಿನ ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಅದರ ತೋಳಿಗೆ ಅವ್ವನ ಚಪ್ಪಟೆ ಸವುಟನ್ನು ಸೈಕಲ್ ಟ್ಯೂಬಿನಿಂದ ಬಿಗಿದೆ. ಅಡ್ಡ ಏನಾದರೂ ಬಂತೆಂದು ಹೇಳಲು ಒಬ್ಬರು ಬೇಕಿತ್ತು. ಮಧ್ಯಾಹ್ನ ಹೆಂಡತಿ ಆಫೀಸಿಗೆ ಹೋಗುತ್ತಿದ್ದಳು. ಅವ್ವ ಒಪ್ಪಿಕೊಂಡಳು.

"ನನ್ ಸವುಟು ಮುರದ್ರ ಹೊಸಾದು ಕೊಡಸಬೇಕು."

"ಕೊಡಸ್ತೀನವ್ವಾ. ನೀ ಸುಮ್ಮ ಕೂತು, ನನಗ ತಿಳೀಲಾರದಂಗ ಒಮ್ಮೆಲೇ ಒದರು."

"ಏನಂತ?"

"ಎಮ್ಮಿ ಬಂತು ಅನ್ನು."

ಅವ್ವ ಪುಂಡಿಪಲ್ಲೆ ಸೊಪ್ಪು ಬಿಡಿಸುತ್ತ ಕೂತಳು. ಬಹಳ ಹೊತ್ತು ಏನೂ ಹೇಳಲಿಲ್ಲ. ನಾನು ಕಣ್ಣು ತೆರೆದು ನೋಡಬೇಕೆನ್ನುವಷ್ಟರಲ್ಲಿ, "ಎಮ್ಮೀ!" ಎಂದು ಕೂಗಿದಳು. ಪಕ್ಕದ ಮನೆಯವರು ಗೇಟು ಹಾಕಿಕೊಂಡರು. ನನ್ನ ಬೆರಳುಗಳು ಸವುಟಿನ ಸುತ್ತ ಮಡಚಿಕೊಂಡಿದ್ದವು.

"ಸತ್ತತು ಎಮ್ಮಿ," ಎಂದಳು ಅವ್ವ.

ಅವತ್ತು ಬಹಳ ಎಮ್ಮೆ ಸತ್ತವು. ಆಮೇಲೆ ಕಡಿಮೆಯಾದವು. ಅವ್ವನಿಗೆ ರುಚಿ ಹತ್ತಿತು. ನಾನು ಕುರ್ಚಿಯಲ್ಲಿ ಇದ್ದರೂ ಇಲ್ಲದಿದ್ದರೂ ಕೂಗತೊಡಗಿದಳು. ಸ್ನಾನದ ಬಾಗಿಲ ಹೊರಗಿನಿಂದ, ನಾನು ಬೂಟು ಕಟ್ಟಿಕೊಳ್ಳುವಾಗ, ದೇವರಿಗೆ ದೀಪ ಹಚ್ಚುವಾಗ. ಒಂದು ದಿನ ರೊಟ್ಟಿ ಮುರಿಯುತ್ತಿದ್ದೆ. ಬಾಗಿಲ ಮರೆಯಿಂದ "ಎಮ್ಮೀ!" ಬಂತು. ಎಡಗೈ ಚಾಚಿ ತಾಟನ್ನು ದಬ್ಬಿತು. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಲ್ಲ ಗೋಡೆಗೆ ಹೋದವು.

ಅವ್ವ ಗೋಡೆ ನೋಡಿದಳು. "ಎಮ್ಮಿ ಉಳೀತು," ಎಂದಳು.

ರಾತ್ರಿ ಹೆಂಡತಿ ಗೋಡೆಯ ಕಲೆ ನೋಡಿ ವಿಚಾರಿಸಿದಳು. ಅವ್ವ ವರದಿ ಕೊಟ್ಟಳು. ಹೆಂಡತಿ ನಕ್ಕಳು, ಹೂಂ ಅನ್ನಲಿಲ್ಲ.

ಮದುವೆಯಾದ ಹೊಸತರಲ್ಲಿ ಅವಳು ನನ್ನ ಕೆಲಸದ ಬಗ್ಗೆ ಎರಡು ಸಂಗತಿ ಕೇಳಿದ್ದಳು. ಮೊದಲ ಸಲ ಒಬ್ಬರನ್ನೇ ಹೇಗೆ ಕಳಿಸುತ್ತಾರೆ ಎನ್ನುವುದು ಒಂದು. ಮೊದಲೇ ಹೇಳುವುದಿಲ್ಲ ಎಂದಿದ್ದೆ. ಎಂದಿನಂತೆ ಶಿಕ್ಷಕರು ಜೊತೆಗೆ ಕೂತು ಹಾರುತ್ತಾರೆ, ಇಳಿಸಿದ ಮೇಲೆ ಒಮ್ಮೆಲೇ ತಾವು ಕೆಳಗಿಳಿಯುತ್ತಾರೆ, ತಮ್ಮ ಖಾಲಿ ಸೀಟಿನ ಪಟ್ಟಿಗಳನ್ನು ಯಾವುದಕ್ಕೂ ತೊಡಕಾಗದಂತೆ ಬಿಗಿದು ಕಟ್ಟಿ ಹೋಗಿಬಿಡುತ್ತಾರೆ. ಇಳಿದ ಮೇಲೆ ಏನು ಮಾಡುತ್ತೀರಿ ಎನ್ನುವುದು ಎರಡನೆಯದು. ಒಂದು ಕೋಣೆಯಲ್ಲಿ ಕೂತು ನಡೆದದ್ದು ಹೇಳುತ್ತೇವೆ ಎಂದಿದ್ದೆ. ಅಲ್ಲಿ ದೊಡ್ಡವರು ಸಣ್ಣವರು ಇಲ್ಲ. ಪ್ರತಿಯೊಬ್ಬನೂ ಮೊದಲು ತನ್ನ ತಪ್ಪು ಹೇಳಬೇಕು, ಬೇರೆಯವರು ನೋಡಿರದಿದ್ದರೂ.

ಡಿಸೆಂಬರಿನ ಉಳಿದ ದಿನಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಮಲಾಪುರದ ರಸ್ತೆಗೆ ಹೋದೆವು. ನಾನು ಓಡಿಸುತ್ತಿದ್ದೆ, ಅವಳು ಪಕ್ಕದಲ್ಲಿರುತ್ತಿದ್ದಳು. ಅವಳ ಬಲಗೈ ಮನೆ ಬಿಟ್ಟಾಗಿನಿಂದ ಹ್ಯಾಂಡ್‌ಬ್ರೇಕಿನ ಮೇಲಿರುತ್ತಿತ್ತು. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ. ಎಮ್ಮೆಗಳು ರಸ್ತೆಯ ಬದಿಯಲ್ಲಿ ಶಿಸ್ತಾಗಿ ಹೋಗುತ್ತಿದ್ದವು, ಟ್ರ್ಯಾಕ್ಟರುಗಳು ಕೈ ತೋರಿಸಿ ತಿರುಗುತ್ತಿದ್ದವು. ಏನೂ ಆಗದೆ ಮುಗಿದ ಪ್ರಯಾಣದಿಂದ ನನ್ನ ಕೈ ಸರಿಹೋಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಇಬ್ಬರಿಗೂ ಗೊತ್ತಿತ್ತು. ಆಗಲಿ ಎಂದು ಬೇಡಿಕೊಳ್ಳುವಂಥದ್ದೂ ಅದಲ್ಲ.

ವರ್ಷದ ಕೊನೆಯ ಭಾನುವಾರ ಅವ್ವನೂ ಹಿಂದಿನ ಸೀಟಿನಲ್ಲಿ ಕೂತಳು. ಕಮಲಾಪುರದ ಕೆಂಪು ಬಾಳೆಹಣ್ಣು ತರಬೇಕಿತ್ತಂತೆ. ಮರುವಾರ ನಾನು ಕಾಲೇಜಿಗೆ ಹೋಗಬೇಕು, ಇಲ್ಲವೇ ಫೋನ್ ಮಾಡಬೇಕು.

ಮಹಾಗಾಂವ್ ಕ್ರಾಸ್ ದಾಟಿತು. ಕರಿ ಹೊಲಗಳು ಮುಗಿದು ಕೆಂಪು ಮಣ್ಣು ಶುರುವಾಯಿತು. ಕಮಲಾಪುರದ ಹತ್ತಿರದ ಇಳಿಜಾರಿನಲ್ಲಿ ರಸ್ತೆಯ ಎಡಕ್ಕೆ ಬಾಳೆಗೊನೆ ತೂಗುಹಾಕಿದ ಅಂಗಡಿಗಳು ಬರುತ್ತವೆ. ಒಂದು ಅಂಗಡಿಯ ಹಿಂದಿನಿಂದ, ಹಾಲಿನ ಕ್ಯಾನು ಕಟ್ಟಿದ ಬೈಕೊಂದು ಯಾವ ಕಡೆಗೂ ನೋಡದೆ ರಸ್ತೆಗೆ ಬಂದು ನಮಗೆ ಅಡ್ಡವಾಯಿತು.

ಕಾರು ನಿಂತಿತು.

ಬೈಕಿನವನು ತಿರುಗಿಯೂ ನೋಡಲಿಲ್ಲ. ಕ್ಯಾನುಗಳು ಒಂದಕ್ಕೊಂದು ಬಡಿಯುತ್ತ ಆಚೆ ದಂಡೆಗೆ ಹೋದವು. ನನ್ನ ಅಂಗೈ ಉಕ್ಕಿನ ಹಲಗೆಯನ್ನು ಕೊನೆಯವರೆಗೆ ಒತ್ತಿ ಹಿಡಿದಿತ್ತು. ಹೆಂಡತಿ ಹ್ಯಾಂಡ್‌ಬ್ರೇಕ್ ಎಳೆದಿರಲಿಲ್ಲ.

"ಎಮ್ಮಿ ಅಲ್ಲಲ್ಲ ಅದು," ಎಂದಳು ಅವ್ವ ಹಿಂದಿನಿಂದ. "ನಾ ಎಮ್ಮಿ ದಾರಿ ಕಾಯ್ಕೋತ ಕೂತಿದ್ದೆ."

ಹೆಂಡತಿ ಉಸಿರು ಬಿಟ್ಟು, ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆ ರಸ್ತೆಯಲ್ಲಿ ಆ ಕೈ ಮಡಿಲಿಗೆ ಹೋದದ್ದು ಅದೇ ಮೊದಲು. "ಆತು," ಎಂದಳು.

ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿದೆ. ಅವ್ವ ಇಳಿದು ಅಂಗಡಿಯವಳ ಜೊತೆ ಜಗಳ ಶುರು ಮಾಡಿದಳು.

"ಇದಿನ್ನೂ ಕಾಯಿ ಅದಲ್ಲವ್ವಾ."

"ನಾಡದ್ದು ತಿನ್ನೂದಕ್ಕ ಹಣ್ಣಾಗ್ತದ ತಗೋ ಆಯಿ."

"ನಾಡದ್ದು ನಾ ಇರಬೇಕಲ್ಲ?"

"ನೀ ನಮ್ಮನ್ನೆಲ್ಲ ಕಳಿಸೇ ಹೋಗಾಕಿ, ತಗೋ."

ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಹೆಂಡತಿ ಮುಂದಿನ ಗಾಜಿನ ಕಡೆ ನೋಡುತ್ತಿದ್ದಳು. ಅವಳು ಹೂಂ ಅನ್ನಲು ಬಾಯಿ ತೆರೆಯುವುದರೊಳಗೆ ನಾನು ಹೇಳಬೇಕಿತ್ತು.

"ಕೈ ಮೊದಲು ಎಳೀಲಾಕ ಹೋಗಿತ್ತು," ಎಂದೆ.

ಅವಳು ತಿರುಗಿದಳು.

"ಬೆರಳು ಮಡಚಿದ್ವು. ಮುಷ್ಟಿ ಆಗಿತ್ತು. ಹಿಡೀಲಾಕ ಏನೂ ಸಿಗಲಿಲ್ಲ. ಆಮ್ಯಾಲ ಅಂಗೈ ಹೋತು."

"ಆ ಹಲಗಿ ಇರಲಾರದಿದ್ರ?"

"ಎಳೀತಿದ್ದೆ."

ಅಂಗಡಿಯ ಕಡೆಯಿಂದ ಅವ್ವನ ನಗು ಕೇಳಿತು.

"ನನಗ ಕಾಣಲಿಲ್ಲ."

"ಗೊತ್ತದ."

"ಹೇಳಲಾರದಿದ್ರ ನನಗ ಗೊತ್ತೇ ಆಗ್ತಿದ್ದಿಲ್ಲ."

"ಹೌದು."

ಅವ್ವ ಚೀಲ ತಂದು ಸೀಟಿನ ಮೇಲಿಟ್ಟಳು. ಹೆಂಡತಿಗೆ ಒಂದು ಹಣ್ಣು ಕೊಟ್ಟಳು. ಹೆಂಡತಿ ಸುಲಿದು ಅರ್ಧ ತಿಂದು, ಉಳಿದರ್ಧವನ್ನು ನನ್ನ ಎಡಗೈಯಲ್ಲಿಟ್ಟಳು. ವಾಪಸ್ ಹೊರಟಾಗ ಅವಳ ಕೈ ಮತ್ತೆ ಹ್ಯಾಂಡ್‌ಬ್ರೇಕಿನ ಮೇಲೆ ಹೋಗಿ ಕೂತಿತು. ಖೂಬಾ ಪ್ಲಾಟಿನವರೆಗೂ ಅಲ್ಲೇ ಇತ್ತು.

ಆ ವಾರ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು ಕಾಲೇಜಿಗೆ ಫೋನ್ ಮಾಡಲಿಲ್ಲ. ಪ್ರತಿದಿನ ಮಾಡಬೇಕೆಂದು ಫೋನ್ ಹತ್ತಿರ ಇಟ್ಟುಕೊಂಡು, ಕುರ್ಚಿಯಲ್ಲಿ ಕೂತು ಸವುಟು ದಬ್ಬಿದೆ. ಅವ್ವನ ಗಂಟಲು ಕಟ್ಟಿತ್ತು. ಎಮ್ಮೆ ಬಂದಾಗ ತಟ್ಟೆ ಬಾರಿಸುತ್ತಿದ್ದಳು.

ಕಾಲೇಜಿಗೆ ಹೋಗಬೇಕಾದ ಸೋಮವಾರ ಬೆಳಿಗ್ಗೆ ನಾನು ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಗೆ ಬಂದಾಗ ಹೆಂಡತಿ ಆಗಲೇ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತಿದ್ದಳು. ನಾನು ಕೂತು ಹೊರಟೆ. ಅವಳ ಬಲಗೈ ಇರಬೇಕಾದಲ್ಲೇ ಇತ್ತು. ಹುಮನಾಬಾದ ರಸ್ತೆ ಸೇರಿದೆವು. ತಾಜಸುಲ್ತಾನಪುರ ದಾಟಿತು. ಟ್ರ್ಯಾಕ್ಟರ್ ನಿಂತಿದ್ದ ಜಾಗ ದಾಟಿತು. ಹೀಗೇ ದಿನವೂ ಜೊತೆಗೆ ಬಂದು ಬಸ್ಸಿನಲ್ಲಿ ವಾಪಸಾಗುವ ವಿಚಾರ ಮಾಡಿರಬೇಕು ಎಂದುಕೊಂಡೆ.

ಮಹಾಗಾಂವ್ ಕ್ರಾಸಿನಲ್ಲಿ, "ಇಲ್ಲಿ ನಿಲ್ಲಸ್ರಿ," ಎಂದಳು.

ಬದಿಗೆ ತೆಗೆದುಕೊಂಡು ನಿಲ್ಲಿಸಿದೆ. ಅವಳು ಇಳಿದಳು. ಬಾಗಿಲು ಹಾಕಲಿಲ್ಲ. ಒಳಗೆ ಬಾಗಿ, ಖಾಲಿ ಸೀಟಿನ ಬೆಲ್ಟು ಎಳೆದು ಕಟ್ಟಿದಳು. ಗಟ್ಟಿಯಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದಳು.

"ಎಮ್ಮಿ ಬಂದ್ರ?"

"ದಬ್ಬೂದು."

"ಬೆರಳು ಮಡಚಿದ್ರ?"

"ಹೇಳೂದು."

"ಅವತ್ತಿಂದ ಅವತ್ತೇ ಹೇಳಬೇಕು," ಎಂದು ಬಾಗಿಲು ಹಾಕಿದಳು. ರಸ್ತೆ ದಾಟಿ, ಕಲಬುರಗಿ ಬಸ್ಸು ನಿಲ್ಲುವ ಕಡೆ ಹೋಗಿ ನಿಂತಳು. ನನ್ನ ಕಡೆ ನೋಡಲಿಲ್ಲ. ನಾನು ಎರಡು ಬೆರಳನ್ನು ಹಲಗೆಯ ಕೆಳಗೆ ಸಿಕ್ಕಿಸಿ ಎಳೆದೆ.

ಕಮಲಾಪುರದ ಕಾಲೇಜಿನ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದಾಗ ಮೊದಲ ಗಂಟೆ ಇನ್ನೂ ಹೊಡೆದಿರಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಶಿವರಾತ್ರಿ ಮುಗಿದಿದೆ. ಕೊನೆಯ ಸಲ ಬೆರಳು ಮಡಚಿದ್ದು ಹಬ್ಬದ ಹಿಂದಿನ ದಿನ, ತಾಜಸುಲ್ತಾನಪುರದ ಹತ್ತಿರ, ಅಡ್ಡ ಬಂದ ಒಂದು ನಾಯಿಗೆ. ಕಾರು ನಿಂತಿತು, ನಾಯಿ ಹೋಯಿತು. ಮನೆ ಮುಟ್ಟಿದ ಕೂಡಲೇ ಅವಳ ಆಫೀಸಿಗೆ ಫೋನ್ ಮಾಡಿ ಹೇಳಿದ್ದೇನೆ.